ಗೆರೆ ಓದಿ, ಹಳ್ಳ ಹುಡುಕಿ

ಮಕ್ಕಳೇ, ನೀವು ಎಂದೂ ನೋಡಿರದ ಒಂದು ಗುಡ್ಡಗಾಡನ್ನು ನೆನೆಸಿಕೊಳ್ಳಿ. ಅಲ್ಲಿ ಜೋರಾಗಿ ಮಳೆ ಸುರಿಯಿತು. ನೀರು ಯಾವ ಕಡೆಗೆ ಹರಿಯುತ್ತದೆ? ಎಲ್ಲಿ ಸೇರಿ ಹಳ್ಳವಾಗುತ್ತದೆ? ಎಲ್ಲಿ ನಿಲ್ಲುತ್ತದೆ? ಅಲ್ಲಿಗೆ ಹೋಗದೆ, ನಿಮ್ಮ ತರಗತಿಯಲ್ಲಿಯೇ ಕುಳಿತು ಉತ್ತರ ಹೇಳಬಹುದೇ?

ಹೇಳಬಹುದು. ಅದಕ್ಕೆ ಬೇಕಾದದ್ದು ಒಂದು ಸ್ಥಳಾಕೃತಿ ನಕ್ಷೆ ಮತ್ತು ಅದನ್ನು ಓದುವ ಅಭ್ಯಾಸ. ನಿಮ್ಮ ಶಾಲೆಯ ಗೋಡೆಯ ಮೇಲಿರುವ ಭೂಪಟದಲ್ಲಿ ದೇಶ, ರಾಜ್ಯ, ಜಿಲ್ಲೆಗಳ ಗಡಿಗಳಿವೆ. ಸ್ಥಳಾಕೃತಿ ನಕ್ಷೆ ಅದಕ್ಕಿಂತ ಬೇರೆ. ಅದು ಒಂದು ಚಿಕ್ಕ ಪ್ರದೇಶದ ನೆಲದ ಏರಿಳಿತವನ್ನು ತೋರಿಸುತ್ತದೆ. ಗುಡ್ಡ, ಕಣಿವೆ, ಹಳ್ಳ, ಕೆರೆ, ದಾರಿ, ಮನೆ ಎಲ್ಲವೂ ಅದರಲ್ಲಿರುತ್ತವೆ.

ಅಮೆರಿಕ ದೇಶದ ಒಂದು ದನಗಾವಲಿನ ಸೀಮೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಈ ನಕ್ಷೆಯನ್ನು ಓದುವುದು ಹೇಗೆಂದು ಈಗ ಕಲಿಯೋಣ.

ಚಕಮಕಿ ಕಲ್ಲಿನ ಗುಡ್ಡಗಳು

ಅಮೆರಿಕದ ನಡುಭಾಗದಲ್ಲಿ ಕಾನ್ಸಾಸ್ ಎಂಬ ರಾಜ್ಯವಿದೆ. ಅದರ ಪೂರ್ವ ಭಾಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿದ ಸಾಲು ಗುಡ್ಡಗಳಿಗೆ 'ಫ್ಲಿಂಟ್ ಹಿಲ್ಸ್' ಎಂದು ಹೆಸರು. ಫ್ಲಿಂಟ್ ಎಂದರೆ ಚಕಮಕಿ ಕಲ್ಲು. ಉಕ್ಕಿನ ಚೂರಿಗೆ ಉಜ್ಜಿದರೆ ಕಿಡಿ ಹಾರುವ ಕಲ್ಲು ಅದು. ಇಲ್ಲಿನ ಸುಣ್ಣದ ಕಲ್ಲಿನ ಪದರಗಳ ನಡುವೆ ಈ ಕಲ್ಲು ತುಂಬಿಕೊಂಡಿದೆ.

ಸುಮಾರು 28 ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಒಂದರ ಮೇಲೊಂದು ಪದರ ಕೂಡಿತು. ಒಂದು ಪದರ ಗಟ್ಟಿಯಾದ ಸುಣ್ಣದ ಕಲ್ಲು, ಮತ್ತೊಂದು ಪದರ ಮೆತ್ತನೆಯ ಜೇಡಿಗಲ್ಲು, ಮತ್ತೆ ಸುಣ್ಣದ ಕಲ್ಲು. ಮುಂದೆ ಸಮುದ್ರ ಹಿಂದೆ ಸರಿಯಿತು. ಮಳೆ ಮತ್ತು ಹಳ್ಳಗಳು ನೆಲವನ್ನು ಕೊರೆದವು. ಮೆತ್ತನೆಯ ಪದರ ಬೇಗ ಸವೆಯಿತು. ಗಟ್ಟಿ ಪದರ ಅಂಚಾಗಿ ಉಳಿಯಿತು. ಆದ್ದರಿಂದ ಇಲ್ಲಿನ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ.

ಮೇಲೆ ಮಣ್ಣು ತೆಳು, ಕೆಳಗೆ ಕಲ್ಲು. ನೇಗಿಲು ಇಳಿಯದ ನೆಲ. ಸುತ್ತಲಿನ ಬಯಲುಗಳನ್ನೆಲ್ಲ ರೈತರು ಉತ್ತು ಜೋಳ, ಗೋಧಿ ಬೆಳೆದರು. ಈ ಗುಡ್ಡಗಳು ಮಾತ್ರ ಹುಲ್ಲುಗಾವಲಾಗಿಯೇ ಉಳಿದವು. ಉತ್ತರ ಅಮೆರಿಕದಲ್ಲಿ ಒಂದು ಕಾಲದಲ್ಲಿ ಆಳೆತ್ತರದ ಹುಲ್ಲಿನ ಬಯಲು ಸುಮಾರು 17 ಕೋಟಿ ಎಕರೆಯಷ್ಟಿತ್ತು. ಈಗ ಅದರಲ್ಲಿ ನೂರಕ್ಕೆ 4 ಪಾಲಿಗಿಂತ ಕಡಿಮೆ ಉಳಿದಿದೆ. ಉಳಿದದ್ದರಲ್ಲಿ ಹೆಚ್ಚಿನ ಭಾಗ ಇರುವುದು ಈ ಗುಡ್ಡಗಳಲ್ಲಿ.

ಇದು ಕಾ ಮತ್ತು ಓಸೇಜ್ ಎಂಬ ಮೂಲನಿವಾಸಿಗಳ ನೆಲವಾಗಿತ್ತು. 1870ರ ದಶಕದ ಮೊದಲ ವರ್ಷಗಳಲ್ಲಿ ಅವರನ್ನು ಇಲ್ಲಿಂದ ದಕ್ಷಿಣಕ್ಕೆ, ಈಗಿನ ಒಕ್ಲಹೋಮಕ್ಕೆ ಕಳುಹಿಸಲಾಯಿತು. ಆಮೇಲೆ ದನ ಸಾಕುವವರು ಬಂದರು. ಬೇಲಿ ಹಾಕಿದ ಅವರ ದೊಡ್ಡ ದನಗಾವಲುಗಳಿಗೆ 'ರ‍್ಯಾಂಚ್' ಎನ್ನುತ್ತಾರೆ. ವಸಂತ ಕಾಲದಲ್ಲಿ ದೂರದ ಟೆಕ್ಸಾಸ್‌ನಿಂದ ದನಗಳು ರೈಲಿನಲ್ಲಿ ಬರುತ್ತಿದ್ದವು. ಬೇಸಿಗೆಯಿಡೀ ಮೇಯ್ದು ಮೈದುಂಬಿಕೊಂಡು ಕಾನ್ಸಾಸ್ ಸಿಟಿಯ ಮಾರುಕಟ್ಟೆಗೆ ಹೋಗುತ್ತಿದ್ದವು.

ಇಲ್ಲಿ ಹುಲ್ಲಿಗೆ ಬರವಿಲ್ಲ. ನೀರಿನದೇ ಚಿಂತೆ. ಇಲ್ಲಿನ ಹಳ್ಳಗಳಲ್ಲಿ ಬಹಳಷ್ಟು ವರ್ಷವಿಡೀ ಹರಿಯುವುದಿಲ್ಲ. ನೂರಾರು ದನಗಳಿಗೆ ನೀರು ಎಲ್ಲಿ ಸಿಗುತ್ತದೆ, ಎಲ್ಲಿ ಹೊಂಡ ತೋಡಬೇಕು, ಹಳ್ಳ ಉಕ್ಕಿದರೆ ಎಲ್ಲಿಯವರೆಗೆ ಬರುತ್ತದೆ ಎಂಬುದು ಮೊದಲೇ ತಿಳಿದಿರಬೇಕು. ಇದಕ್ಕೆ ನಕ್ಷೆ ನೆರವಾಗುತ್ತದೆ.

ಚಪ್ಪಟೆ ಹಾಳೆಯ ಮೇಲೆ ಎತ್ತರ

ಕಾಗದ ಚಪ್ಪಟೆ, ಗುಡ್ಡ ಎತ್ತರ. ಕಾಗದದ ಮೇಲೆ ಎತ್ತರವನ್ನು ತೋರಿಸುವುದು ಹೇಗೆ?

ಬೇಸಿಗೆಯಲ್ಲಿ ಕೆರೆಯನ್ನು ನೋಡಿದ್ದೀರಾ? ನೀರು ಇಳಿಯುತ್ತಾ ಹೋದಂತೆ ದಡದ ಮೇಲೆ ಒಂದರ ಕೆಳಗೊಂದು ಗುರುತುಗಳು ಉಳಿಯುತ್ತವೆ. ನೀರಿನ ಮೇಲ್ಮೈ ಯಾವಾಗಲೂ ಒಂದೇ ಮಟ್ಟ. ಆದ್ದರಿಂದ ಒಂದು ಗುರುತಿನ ಮೇಲಿರುವ ಎಲ್ಲ ಜಾಗಗಳೂ ಒಂದೇ ಎತ್ತರದಲ್ಲಿರುತ್ತವೆ.

ಈಗ ಒಂದು ಗುಡ್ಡ ಪೂರ್ತಿ ನೀರಿನಲ್ಲಿ ಮುಳುಗಿದೆ ಎಂದುಕೊಳ್ಳಿ. ನೀರು ಪ್ರತಿ ಸಲ 10 ಅಡಿಯಷ್ಟು ಇಳಿಯುತ್ತದೆ. ಪ್ರತಿ ಸಲವೂ ನೀರಿನ ಅಂಚನ್ನು ಗುಡ್ಡದ ಮೇಲೆ ಗುರುತು ಮಾಡುತ್ತೀರಿ. ಕೊನೆಗೆ ಆಕಾಶದಿಂದ ನೋಡಿದರೆ ಒಂದರೊಳಗೊಂದು ಬಳೆಗಳಂತೆ ಗೆರೆಗಳು ಕಾಣುತ್ತವೆ. ಅವನ್ನು ಹಾಗೆಯೇ ಕಾಗದದ ಮೇಲೆ ಬರೆದರೆ ಅದೇ ಸ್ಥಳಾಕೃತಿ ನಕ್ಷೆ. ಈ ಗೆರೆಗಳಿಗೆ 'ಸಮೋನ್ನತಿ ರೇಖೆಗಳು' ಎಂದು ಹೆಸರು. ಸಮ ಎಂದರೆ ಒಂದೇ, ಉನ್ನತಿ ಎಂದರೆ ಎತ್ತರ. ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಸೇರಿಸುವ ರೇಖೆ ಎಂದು ಅರ್ಥ. ಎರಡು ಅಕ್ಕಪಕ್ಕದ ರೇಖೆಗಳ ನಡುವಿನ ಎತ್ತರದ ವ್ಯತ್ಯಾಸಕ್ಕೆ 'ಸಮೋನ್ನತಿ ಅಂತರ' ಎನ್ನುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು 10 ಅಡಿ, ಅಂದರೆ ಸುಮಾರು 3 ಮೀಟರ್.

ಹೊಲಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಹಾಕುವ 'ಸಮಪಾತಳಿ ಬದು' ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಆ ಬದು ನೆಲದ ಮೇಲೆ ಬರೆದ ಸಮೋನ್ನತಿ ರೇಖೆಯೇ!

ನಿಮಗೆ ಗೊತ್ತೇ?

1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಎಂಬ ಬೆಟ್ಟವನ್ನು ವಿಜ್ಞಾನಿಗಳು ಅಳೆದರು. ಭೂಮಿಯ ಸಾಂದ್ರತೆಯನ್ನು ಕಂಡುಹಿಡಿಯುವುದು ಅವರ ಉದ್ದೇಶ. ಅದಕ್ಕೆ ಬೆಟ್ಟದ ಗಾತ್ರ ತಿಳಿಯಬೇಕಿತ್ತು. ಲೆಕ್ಕದ ಹೊಣೆ ಹೊತ್ತ ಗಣಿತಜ್ಞ ಚಾರ್ಲ್ಸ್ ಹಟನ್ ಅವರ ಮುಂದೆ ನೂರಾರು ಎತ್ತರಗಳ ಅಂಕಿಗಳಿದ್ದವು. ಅವರು ಒಂದೇ ಎತ್ತರದ ಬಿಂದುಗಳನ್ನೆಲ್ಲ ಗೆರೆ ಎಳೆದು ಸೇರಿಸಿದರು. ಬೆಟ್ಟದ ಆಕಾರ ಒಮ್ಮೆಗೇ ಕಣ್ಣಿಗೆ ಕಂಡಿತು. ಬೆಟ್ಟವನ್ನು ತೋರಿಸಲು ಸಮೋನ್ನತಿ ರೇಖೆಗಳನ್ನು ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರು.

ಗೆರೆ ಓದುವ ನಿಯಮಗಳು

1. ಒಂದು ಗೆರೆಯ ಮೇಲೆ ಎಷ್ಟು ದೂರ ನಡೆದರೂ ನೀವು ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

2. ಗೆರೆಗಳು ಹತ್ತಿರ ಹತ್ತಿರ ಇದ್ದರೆ ಕಡಿದಾದ ಇಳಿಜಾರು. ದೂರ ದೂರ ಇದ್ದರೆ ಸಮತಟ್ಟಾದ ನೆಲ.

3. ಒಂದು ಗೆರೆ ಮತ್ತೊಂದನ್ನು ದಾಟುವುದಿಲ್ಲ. ಒಂದೇ ಜಾಗಕ್ಕೆ ಎರಡು ಎತ್ತರಗಳು ಇರಲಾರವಲ್ಲವೇ? ಕೆಳಗೆ ಪೊಳ್ಳಾಗಿ ಮೇಲೆ ಚಾಚಿಕೊಂಡ ಬಂಡೆಗಳಿರುವ ಅಪರೂಪದ ಕಡೆ ಮಾತ್ರ ಇದಕ್ಕೆ ಹೊರತು.

4. ಪ್ರತಿ ಗೆರೆಯೂ ಎಲ್ಲೋ ಒಂದು ಕಡೆ ಸುತ್ತಿ ಬಂದು ಕೂಡಿಕೊಳ್ಳುತ್ತದೆ. ಒಂದೇ ಹಾಳೆಯಲ್ಲಿ ಕೂಡದಿದ್ದರೆ ಪಕ್ಕದ ಹಾಳೆಯಲ್ಲಿ ಮುಂದುವರಿಯುತ್ತದೆ.

5. ಚಿಕ್ಕ ಬಳೆಯಂತೆ ಕೂಡಿಕೊಂಡ ಗೆರೆ ಸಾಮಾನ್ಯವಾಗಿ ಗುಡ್ಡದ ನೆತ್ತಿ. ತಗ್ಗಾಗಿದ್ದರೆ ಗೆರೆಯ ಒಳಬದಿಗೆ ಸಣ್ಣ ಸಣ್ಣ ಹಲ್ಲುಗಳನ್ನು ಬರೆದಿರುತ್ತಾರೆ.

6. ನೀರು ಗೆರೆಗೆ ನೇರ ಅಡ್ಡವಾಗಿ, ಎತ್ತರದ ಗೆರೆಯಿಂದ ತಗ್ಗಿನ ಗೆರೆಗೆ ಹರಿಯುತ್ತದೆ. ಏಕೆಂದರೆ ಇಳಿಯಲು ಅತಿ ಹತ್ತಿರದ ದಾರಿ ಅದೇ.

ಆರನೆಯ ನಿಯಮವನ್ನು ಚೆನ್ನಾಗಿ ನೆನಪಿಡಿ. ಹಳ್ಳವನ್ನು ಹುಡುಕುವಾಗ ಅದು ಬೇಕಾಗುತ್ತದೆ.

ಹಳ್ಳವನ್ನು ಹುಡುಕೋಣ

ನೀವು ಗುಡ್ಡದ ಪಕ್ಕದಲ್ಲಿ 1,300 ಅಡಿ ಎತ್ತರದ ಗೆರೆಯ ಮೇಲೆ ನಡೆಯುತ್ತಿದ್ದೀರಿ ಎಂದುಕೊಳ್ಳಿ. ಏರಬಾರದು, ಇಳಿಯಬಾರದು ಎಂಬುದು ಆಟದ ನಿಯಮ. ಮುಂದೆ ಒಂದು ಹಳ್ಳ ಬಂತು. ನೇರವಾಗಿ ದಾಟಲು ಹೋದರೆ ಹಳ್ಳದೊಳಗೆ ಇಳಿಯಬೇಕು. ಅದಕ್ಕೆ ಅನುಮತಿ ಇಲ್ಲ. ಹಾಗಾದರೆ ಏನು ಮಾಡುತ್ತೀರಿ?

ಹಳ್ಳದ ಬದಿಯಲ್ಲೇ, ಅದು ಹುಟ್ಟುವ ದಿಕ್ಕಿಗೆ ತಿರುಗಿ ನಡೆಯುತ್ತೀರಿ. ನೀವು ಅದೇ ಮಟ್ಟದಲ್ಲಿ ನಡೆದರೂ ಹಳ್ಳದ ತಳ ಮೇಲೆ ಮೇಲೆ ಬರುತ್ತದೆ. ಒಂದು ಕಡೆ ತಳವೂ 1,300 ಅಡಿ ಎತ್ತರಕ್ಕೆ ಬಂದು ನಿಮ್ಮ ಕಾಲಿಗೆ ಸೇರುತ್ತದೆ. ಅಲ್ಲಿ ದಾಟುತ್ತೀರಿ. ಆಚೆ ದಡದಲ್ಲಿ ಮತ್ತೆ ಹಿಂದಕ್ಕೆ ನಡೆದು ಬರುತ್ತೀರಿ.

ನೀವು ನಡೆದ ದಾರಿಯನ್ನು ಪುಸ್ತಕದಲ್ಲಿ ಬರೆದು ನೋಡಿ. ಇಂಗ್ಲಿಷಿನ 'ವಿ' ಅಕ್ಷರದ ಆಕಾರ ಬಂತಲ್ಲವೇ? ಅದರ ಮೊನೆ ಹಳ್ಳದ ಮೇಲ್ಭಾಗಕ್ಕೆ, ಅಂದರೆ ನೀರು ಬರುವ ದಿಕ್ಕಿಗೆ ತೋರಿಸುತ್ತದೆ.

ಇದೇ ಹಳ್ಳದ ಗುಟ್ಟು. ಸಮೋನ್ನತಿ ರೇಖೆಗಳು ಒಂದರ ಹಿಂದೊಂದು 'ವಿ' ಆಕಾರದಲ್ಲಿ ಬಾಗಿ, ಮೊನೆಗಳು ಎತ್ತರದ ಕಡೆಗೆ ಇದ್ದರೆ ಅಲ್ಲಿ ಹಳ್ಳ ಅಥವಾ ಕಣಿವೆ ಇದೆ. ಮೊನೆಗಳು ತಗ್ಗಿನ ಕಡೆಗೆ ಇದ್ದರೆ ಅದು ಗುಡ್ಡದಿಂದ ಚಾಚಿದ ಏಣು. ನಕ್ಷೆಯಲ್ಲಿ ನೀಲಿ ಗೆರೆ ಇಲ್ಲದಿದ್ದರೂ ಈ ಮೊನೆಗಳನ್ನು ಸೇರಿಸುತ್ತಾ ಹೋದರೆ ಮಳೆ ನೀರು ಹರಿಯುವ ದಾರಿ ನಿಮಗೇ ಸಿಗುತ್ತದೆ.

ಮೆಟ್ಟಿಲುಗಳ ನಡುವೆ ಒರತೆ

ಫ್ಲಿಂಟ್ ಹಿಲ್ಸ್ ನಕ್ಷೆಯಲ್ಲಿ ಮತ್ತೊಂದು ವಿಶೇಷವಿದೆ. ಕೆಲವು ಗೆರೆಗಳು ಒತ್ತಾಗಿ ಬರುತ್ತವೆ. ಆಮೇಲೆ ಅಗಲವಾದ ಖಾಲಿ ಜಾಗ. ಮತ್ತೆ ಒತ್ತಾದ ಗೆರೆಗಳು, ಮತ್ತೆ ಖಾಲಿ ಜಾಗ. ಎರಡನೆಯ ನಿಯಮವನ್ನು ನೆನಪಿಸಿಕೊಳ್ಳಿ. ಒತ್ತಾದ ಕಡೆ ಮೆಟ್ಟಿಲಿನ ಏರು. ಖಾಲಿ ಕಡೆ ಮೆಟ್ಟಿಲಿನ ಹಾಸು. ಕಲ್ಲಿನ ಪದರಗಳ ಕಥೆಯನ್ನು ಗೆರೆಗಳೇ ಹೇಳುತ್ತಿವೆ!

ಇದರಿಂದ ನೀರಿನ ಸುಳಿವೂ ಸಿಗುತ್ತದೆ. ಮಳೆ ನೀರು ಸುಣ್ಣದ ಕಲ್ಲಿನ ಬಿರುಕುಗಳಲ್ಲಿ ಇಂಗಿ ಕೆಳಗಿಳಿಯುತ್ತದೆ. ಕೆಳಗಿನ ಜೇಡಿಗಲ್ಲು ನೀರನ್ನು ಸುಲಭವಾಗಿ ಬಿಡುವುದಿಲ್ಲ. ಆಗ ನೀರು ಪಕ್ಕಕ್ಕೆ ಸರಿದು, ಸುಣ್ಣದ ಕಲ್ಲಿನ ಪದರ ಮುಗಿಯುವ ಕಡೆ ಗುಡ್ಡದ ಬದಿಯಲ್ಲಿ ಒರತೆಯಾಗಿ ಜಿನುಗುತ್ತದೆ. ಎಷ್ಟೋ ಹಳ್ಳಗಳು ಹುಟ್ಟುವುದು ಇಂಥ ಒರತೆಗಳಲ್ಲಿ. ಮೆಟ್ಟಿಲಿನ ಅಂಚು ಮತ್ತು 'ವಿ' ಮೊನೆ ಎರಡೂ ಸೇರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದರೆ, ಒರತೆಯನ್ನು ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ.

ಬಣ್ಣಗಳ ಭಾಷೆ

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1879ರಲ್ಲಿ ಆರಂಭವಾಯಿತು. ಆ ದೇಶದ ಸ್ಥಳಾಕೃತಿ ನಕ್ಷೆಗಳನ್ನು ಮಾಡುವುದು ಅದರ ಕೆಲಸಗಳಲ್ಲಿ ಒಂದು. ಅದರ ಮುದ್ರಿತ ನಕ್ಷೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು 1:24,000 ಪ್ರಮಾಣದ್ದು. ಅಂದರೆ ನಕ್ಷೆಯ ಮೇಲಿನ 1 ಸೆಂಟಿಮೀಟರ್ ನೆಲದ ಮೇಲೆ 24,000 ಸೆಂಟಿಮೀಟರ್, ಅಥವಾ 240 ಮೀಟರ್.

ಈ ನಕ್ಷೆಗಳಲ್ಲಿ ಕಂದು ಬಣ್ಣ ಸಮೋನ್ನತಿ ರೇಖೆಗಳಿಗೆ. ಓದಲು ಸುಲಭವಾಗಲೆಂದು ಪ್ರತಿ ಐದನೆಯ ರೇಖೆಯನ್ನು ದಪ್ಪವಾಗಿ ಬರೆದು ಅದರ ಮೇಲೆ ಎತ್ತರವನ್ನು ನಮೂದಿಸುತ್ತಾರೆ. ನೀಲಿ ನೀರಿಗೆ. ಹಸಿರು ಕಾಡಿಗೆ. ಕಪ್ಪು ಬಣ್ಣ ಮನೆ, ದಾರಿ ಮುಂತಾದ ಮನುಷ್ಯ ಮಾಡಿದ ವಸ್ತುಗಳಿಗೆ. ಕೆಂಪು ದೊಡ್ಡ ರಸ್ತೆಗಳಿಗೆ ಮತ್ತು ಭೂಮಿಯ ಅಳತೆಯ ಗಡಿಗಳಿಗೆ.

ನೀಲಿ ಗೆರೆಯಲ್ಲಿಯೂ ಎರಡು ಬಗೆ. ಬಿಡದೆ ಎಳೆದ ಗೆರೆ ಎಂದರೆ ಸಾಮಾನ್ಯವಾಗಿ ವರ್ಷವಿಡೀ ಹರಿಯುವ ಹಳ್ಳ. ಒಂದು ತುಂಡು ಗೆರೆ, ಮೂರು ಚುಕ್ಕೆ, ಮತ್ತೆ ತುಂಡು ಗೆರೆ ಹೀಗೆ ಇದ್ದರೆ ಅದು ಕೆಲವು ಕಾಲ ಮಾತ್ರ ಹರಿಯುವ ಹಳ್ಳ. ದನ ಸಾಕುವವರಿಗೆ ಈ ಮೂರು ಚುಕ್ಕೆಗಳು ಮುಖ್ಯ. ಅವನ್ನು ಗಮನಿಸದೆ ದನ ಬಿಟ್ಟರೆ ಒಣ ತಿಂಗಳಿನಲ್ಲಿ ನೀರಿಲ್ಲದ ಹಳ್ಳದ ಮುಂದೆ ನಿಲ್ಲಬೇಕಾಗುತ್ತದೆ.

ಗುಡ್ಡವನ್ನು ಅಳೆದವರು

ಈ ಗೆರೆಗಳನ್ನು ಬರೆದವರು ಗುಡ್ಡವನ್ನು ನಿಜವಾಗಿ ನೀರಿನಲ್ಲಿ ಮುಳುಗಿಸಲಿಲ್ಲ. ಹಾಗಾದರೆ ಎತ್ತರ ತಿಳಿದದ್ದು ಹೇಗೆ?

ಮೊದಲಿಗೆ ಮೋಜಣಿದಾರರು ನಡೆದು, ಕುದುರೆ ಏರಿ ಹೋಗುತ್ತಿದ್ದರು. ಮೂರು ಕಾಲಿನ ಮೇಲೆ ನಿಲ್ಲಿಸಿದ ಒಂದು ಹಲಗೆ, ಅದರ ಮೇಲೆ ಕಾಗದ, ಕಾಗದದ ಮೇಲೆ ದೂರದರ್ಶಕ ಕೂಡಿಸಿದ ಅಳತೆ ಪಟ್ಟಿ ಇರುತ್ತಿತ್ತು. ಸಹಾಯಕನೊಬ್ಬ ದೂರದಲ್ಲಿ ಅಳತೆಯ ಕೋಲು ಹಿಡಿದು ನಿಲ್ಲುತ್ತಿದ್ದ. ದೂರದರ್ಶಕದಲ್ಲಿ ಕೋಲನ್ನು ನೋಡಿ ದೂರ ಮತ್ತು ಎತ್ತರವನ್ನು ಲೆಕ್ಕ ಹಾಕಿ, ಅಲ್ಲಿಯೇ ನಿಂತು ಗೆರೆ ಬರೆಯುತ್ತಿದ್ದರು.

ಆಮೇಲೆ ವಿಮಾನದ ಚಿತ್ರಗಳು ಬಂದವು. ಹಾರುತ್ತಾ ಒಂದೇ ಜಾಗದ ಚಿತ್ರವನ್ನು ಎರಡು ಕಡೆಯಿಂದ ತೆಗೆಯುತ್ತಾರೆ. ನಿಮ್ಮ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಜರುಗಿದಂತೆ ಕಾಣುತ್ತದೆ. ಬೆರಳು ಹತ್ತಿರ ಬಂದಷ್ಟೂ ಹೆಚ್ಚು ಜರುಗುತ್ತದೆ. ಹಾಗೆಯೇ ಎರಡು ಚಿತ್ರಗಳಲ್ಲಿ ಗುಡ್ಡದ ನೆತ್ತಿ ಹೆಚ್ಚು ಜರುಗಿರುತ್ತದೆ, ಕಣಿವೆ ಕಡಿಮೆ ಜರುಗಿರುತ್ತದೆ. ಇದನ್ನು ಅಳೆದು ಎತ್ತರವನ್ನು ಕಂಡುಹಿಡಿಯುತ್ತಾರೆ.

ಈಗ ಲೈಡಾರ್ ಎಂಬ ವಿಧಾನ ಬಳಕೆಯಲ್ಲಿದೆ. ವಿಮಾನದಿಂದ ಲೇಸರ್ ಬೆಳಕಿನ ಮಿಣುಕುಗಳನ್ನು ನೆಲಕ್ಕೆ ಬಿಡುತ್ತಾರೆ. ಬೆಳಕು ಹೋಗಿ ಮರಳಿ ಬರಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತಾರೆ. ಕೆಲವು ಮಿಣುಕುಗಳು ಎಲೆಗಳ ಸಂದಿಯಲ್ಲಿ ನುಸುಳಿ ನೆಲವನ್ನು ಮುಟ್ಟುತ್ತವೆ. ಆದ್ದರಿಂದ ಹಳ್ಳದ ದಡದ ಮರಗಳ ಕೆಳಗಿರುವ ನೆಲದ ಆಕಾರವೂ ತಿಳಿಯುತ್ತದೆ.

ಚೌಕ ಬೇಲಿ, ಸೊಟ್ಟ ಹಳ್ಳ

ಕಾನ್ಸಾಸ್‌ನ ನಕ್ಷೆಯಲ್ಲಿ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ ಕೆಂಪು ಚೌಕಗಳು. ಅಮೆರಿಕದಲ್ಲಿ 1785ರ ಕಾಯಿದೆಯಂತೆ ಭೂಮಿಯನ್ನು ಚೌಕಗಳಾಗಿ ಅಳೆದು ಹಂಚಿದರು. ಒಂದು ಚೌಕದ ಬದಿ 1 ಮೈಲಿ, ವಿಸ್ತೀರ್ಣ 640 ಎಕರೆ. ಗುಡ್ಡ ಎಲ್ಲಿದೆ, ಹಳ್ಳ ಎಲ್ಲಿದೆ ಎಂದು ನೋಡದೆ ಗೆರೆ ಎಳೆದರು. ಬೇಲಿಗಳು ನೇರವಾದವು, ಹಳ್ಳ ಮಾತ್ರ ತನ್ನ ಪಾಡಿಗೆ ಬಳುಕುತ್ತಾ ಹರಿಯಿತು. ಒಂದೇ ಹಳ್ಳ ಹಲವರ ಜಮೀನಿನಲ್ಲಿ ಹಾದುಹೋಯಿತು. ಮೇಲಿನವರ ದನ ನೀರನ್ನು ಕಲಕಿದರೆ ಕೆಳಗಿನವರ ದನ ಕೆಸರು ಕುಡಿಯಬೇಕು.

ಇದರ ತೊಂದರೆಯನ್ನು ಮೊದಲೇ ಕಂಡವರು ಜಾನ್ ವೆಸ್ಲಿ ಪೊವೆಲ್. ಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿದ್ದರೂ ದೋಣಿಗಳಲ್ಲಿ ಕೊಲರಾಡೊ ನದಿಯ ಕಮರಿಗಳನ್ನು ಶೋಧಿಸಿದ ಸಾಹಸಿ ಅವರು. 1881ರಿಂದ 1894ರವರೆಗೆ ಸರ್ವೇಕ್ಷಣಾ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ದೇಶದ ಪಶ್ಚಿಮದ ಒಣ ಭಾಗದಲ್ಲಿ ಚೌಕ ಹಂಚಿಕೆ ಸರಿಹೋಗುವುದಿಲ್ಲ, ನೀರು ಹರಿಯುವ ರೀತಿಯನ್ನು ನೋಡಿ ಜಮೀನಿನ ಗಡಿ ಗುರುತಿಸಬೇಕು, ಪ್ರತಿ ದನಗಾವಲಿಗೂ ನೀರು ಸಿಗಬೇಕು ಎಂದು 1878ರಲ್ಲಿಯೇ ವರದಿ ಕೊಟ್ಟರು. ಸರ್ಕಾರ ಅದನ್ನು ಒಪ್ಪಲಿಲ್ಲ.

ಬೇಲಿಯನ್ನು ಬದಲಿಸಲಾಗದಿದ್ದರೂ ನಕ್ಷೆಯನ್ನು ಓದಿ ಜಾಣತನದಿಂದ ನಡೆದುಕೊಳ್ಳಬಹುದು. ದನಗಳಿಗೆ ನೀರಿನ ಹೊಂಡ ಬೇಕು. ಕಣಿವೆ ಕಿರಿದಾಗಿ, ಎರಡೂ ಬದಿಯ ಗೆರೆಗಳು ಹತ್ತಿರ ಬರುವ ಕಡೆ ಏರಿ ಕಟ್ಟಿದರೆ ಮಣ್ಣಿನ ಕೆಲಸ ಕಡಿಮೆ. ಅದರ ಹಿಂದೆ ಗೆರೆಗಳು ದೂರ ದೂರ ಇದ್ದರೆ ಹೆಚ್ಚು ನೀರು ನಿಲ್ಲುತ್ತದೆ. ಮೇಲಿನಿಂದ ಎಷ್ಟು ನೆಲದ ನೀರು ಹರಿದು ಬರುತ್ತದೆ ಎಂಬುದನ್ನೂ ನೋಡಬೇಕು. ತೀರ ಕಡಿಮೆಯಾದರೆ ಹೊಂಡ ತುಂಬದು. ತೀರ ಹೆಚ್ಚಾದರೆ ಏರಿ ಒಡೆದೀತು. ಹಳ್ಳದಿಂದ ದೂರದಲ್ಲಿ ನೀರಿನ ತೊಟ್ಟಿ, ಉಪ್ಪಿನ ಗಟ್ಟಿ ಇಟ್ಟರೆ ದನಗಳು ಹಳ್ಳದಲ್ಲಿಯೇ ಗುಂಪುಗೂಡಿ ದಡ ತುಳಿಯುವುದು ಕಡಿಮೆಯಾಗುತ್ತದೆ.

ಎರಡು ಹನಿಗಳ ಪ್ರಯಾಣ

ಒಂದು ಹಳ್ಳಕ್ಕೆ ನೀರು ಕೊಡುವ ಇಡೀ ನೆಲಕ್ಕೆ ಆ ಹಳ್ಳದ 'ಜಲಾನಯನ ಪ್ರದೇಶ' ಎಂದು ಹೆಸರು. ಎರಡು ಜಲಾನಯನಗಳ ನಡುವಿನ ಗಡಿ ಎತ್ತರದ ದಿಣ್ಣೆ.

ಫ್ಲಿಂಟ್ ಹಿಲ್ಸ್‌ನ ಉತ್ತರ ಭಾಗದಲ್ಲಿ ಕಿಂಗ್ಸ್ ಎಂಬ ಹಳ್ಳವಿದೆ. ಅಲ್ಲಿ ಬಿದ್ದ ಮಳೆ ಹನಿ ಮ್ಯಾಕ್‌ಡೊವೆಲ್ ಹಳ್ಳ ಸೇರಿ, ಕಾನ್ಸಾಸ್ ನದಿ, ಮಿಸೌರಿ ನದಿ ದಾಟಿ ಮಿಸಿಸಿಪಿ ನದಿಗೆ ಹೋಗುತ್ತದೆ. ದಕ್ಷಿಣಕ್ಕೆ ಫಾಕ್ಸ್ ಎಂಬ ಹಳ್ಳವಿದೆ. ಅಲ್ಲಿನ ಹನಿ ಕಾಟನ್‌ವುಡ್, ನಿಯೋಶೊ, ಆರ್ಕನ್ಸಾ ನದಿಗಳ ಮೂಲಕ ಅದೇ ಮಿಸಿಸಿಪಿಯನ್ನು ಸೇರುತ್ತದೆ. ಒಂದೇ ಗುಡ್ಡಸಾಲಿನ ಎರಡು ಹನಿಗಳು ಬೇರೆ ಬೇರೆ ದಾರಿಯಲ್ಲಿ ನೂರಾರು ಕಿಲೋಮೀಟರ್ ಸುತ್ತಿ ಒಂದೇ ನದಿಯಲ್ಲಿ ಕೂಡಿ ಸಮುದ್ರಕ್ಕೆ ಹೋಗುತ್ತವೆ!

ಹಳ್ಳ ಚಿಕ್ಕದೆಂದು ಕಡೆಗಣಿಸಬಾರದು. 1951ರ ಜುಲೈ ತಿಂಗಳಲ್ಲಿ ಈ ಗುಡ್ಡಗಳಲ್ಲಿಯೂ ಪೂರ್ವ ಕಾನ್ಸಾಸ್‌ನಲ್ಲಿಯೂ ಭಾರಿ ಮಳೆ ಸುರಿಯಿತು. ಹಳ್ಳಗಳೆಲ್ಲ ಒಟ್ಟಿಗೆ ಉಕ್ಕಿ ಕಾನ್ಸಾಸ್ ನದಿಗೆ ಸೇರಿದವು. ಮ್ಯಾನ್‌ಹಟನ್, ಟೊಪೀಕ, ಲಾರೆನ್ಸ್ ಊರುಗಳಿಗೆ ನೀರು ನುಗ್ಗಿತು. ಕೊನೆಗೆ ಕಾನ್ಸಾಸ್ ಸಿಟಿಯ ದೊಡ್ಡ ದನದ ಮಾರುಕಟ್ಟೆಯೇ ಮುಳುಗಿತು.

ಪ್ರವಾಹ ತಡೆಯಲು ಮ್ಯಾನ್‌ಹಟನ್ ಊರಿನ ಹತ್ತಿರ ಬಿಗ್ ಬ್ಲೂ ನದಿಗೆ ಕಟ್ಟಿದ ಟಟಲ್ ಕ್ರೀಕ್ ಅಣೆಕಟ್ಟು 1962ರಲ್ಲಿ ಪೂರ್ಣವಾಯಿತು. ಅಣೆಕಟ್ಟಿನ ಹಿಂದೆ ನಿಂತ ನೀರಿನ ಅಂಚು ಎಲ್ಲಿ ಬರುತ್ತದೆ? ಯೋಚಿಸಿ. ಅದೂ ಒಂದು ಸಮೋನ್ನತಿ ರೇಖೆಯೇ! ಆ ರೇಖೆಯ ಒಳಗಿದ್ದ ಹಲವು ಊರುಗಳ ಜನ ಮನೆ, ಹೊಲ ಬಿಟ್ಟು ಹೋಗಬೇಕಾಯಿತು. ನಕ್ಷೆಯ ಮೇಲಿನ ಒಂದು ತೆಳು ಗೆರೆ ಯಾರ ಮನೆ ಉಳಿಯುತ್ತದೆ, ಯಾರ ಮನೆ ಮುಳುಗುತ್ತದೆ ಎಂಬುದನ್ನು ಹೇಳುತ್ತದೆ. ನಮ್ಮ ನಾಡಿನಲ್ಲಿಯೂ ಮುಳುಗಡೆಯಾದ ಊರುಗಳ ಜನರಿಗೆ ಈ ಗೆರೆಯ ಅರ್ಥ ಚೆನ್ನಾಗಿ ಗೊತ್ತು. ಆದ್ದರಿಂದ ಇದನ್ನು ಓದಲು ಎಂಜಿನಿಯರುಗಳಷ್ಟೇ ಅಲ್ಲ, ಎಲ್ಲರೂ ಕಲಿಯಬೇಕು.

ನಕ್ಷೆ ಹೇಳದ ಮಾತು

ಕಿಂಗ್ಸ್ ಹಳ್ಳ ಇರುವುದು ಕೊಂಜಾ ಎಂಬ ಸಂಶೋಧನಾ ಕ್ಷೇತ್ರದಲ್ಲಿ. 1971ರಲ್ಲಿ ಆರಂಭವಾದ ಈ ಕ್ಷೇತ್ರದ ವಿಸ್ತೀರ್ಣ 3,487 ಹೆಕ್ಟೇರ್. ಇಲ್ಲಿನ ಅತಿ ತಗ್ಗಿನ ಜಾಗ ಸಮುದ್ರ ಮಟ್ಟದಿಂದ 320 ಮೀಟರ್, ಅತಿ ಎತ್ತರದ್ದು 444 ಮೀಟರ್. ಕಿಂಗ್ಸ್ ಹಳ್ಳದಲ್ಲಿ ನೀರು ಎಷ್ಟು ಹರಿಯುತ್ತದೆ ಎಂದು 1979ರಿಂದ ಅಳೆಯುತ್ತಿದ್ದಾರೆ.

ಅಳತೆಗಳಿಂದ ಅಚ್ಚರಿಯ ಸಂಗತಿ ತಿಳಿಯಿತು. ಮಳೆ ಕಡಿಮೆಯಾಗದಿದ್ದರೂ ಹಳ್ಳದ ಹರಿವು ಕಡಿಮೆಯಾಗುತ್ತಾ ಬಂದಿದೆ. ಕಾರಣವೇನು? ಹುಲ್ಲುಗಾವಲಿನಲ್ಲಿ ಪೊದೆ, ಮರಗಳು ಹೆಚ್ಚಿವೆ. ಹಿಂದೆ ಬೆಂಕಿಯಿಂದ ಪೊದೆಗಳು ಸುಟ್ಟು ಹುಲ್ಲು ಮತ್ತೆ ಚಿಗುರುತ್ತಿತ್ತು. ದನ ಸಾಕುವವರು ಈಗಲೂ ವಸಂತ ಕಾಲದಲ್ಲಿ ಹುಲ್ಲಿಗೆ ಬೆಂಕಿ ಕೊಡುವುದುಂಟು. ಬೆಂಕಿ ಅಪರೂಪವಾದ ಕಡೆ ಪೊದೆಗಳು ಬೇರೂರುತ್ತವೆ. ಅವುಗಳ ಬೇರು ಆಳದ ನೀರನ್ನು ಹೀರಿ ಎಲೆಗಳ ಮೂಲಕ ಗಾಳಿಗೆ ಬಿಡುತ್ತವೆ. ಹಳ್ಳಕ್ಕೆ ಉಳಿಯುವುದು ಕಡಿಮೆ. ಇದರಿಂದ ಮರ ಕೆಟ್ಟದ್ದು ಎಂದು ತಿಳಿಯಬಾರದು. ಕಾಡಿನಲ್ಲಿ ಮರ ಚೆನ್ನ, ಹುಲ್ಲುಗಾವಲಿನಲ್ಲಿ ಹುಲ್ಲು ಚೆನ್ನ.

ಕಂದು ಗೆರೆ ನೀರು ಯಾವ ದಾರಿಯಲ್ಲಿ ಹರಿಯಬಲ್ಲದು ಎಂದು ಹೇಳುತ್ತದೆ. ಆ ದಾರಿಯಲ್ಲಿ ಈ ವರ್ಷ ಎಷ್ಟು ನೀರಿದೆ ಎಂದು ತಿಳಿಯಲು ಹಳ್ಳದ ಬಳಿಗೇ ಹೋಗಿ ಅಳೆಯಬೇಕು. ನಕ್ಷೆ ಮತ್ತು ಅಳತೆ ಎರಡೂ ಬೇಕು.

ಮಾಡಿ ನೋಡಿ: ಟಬ್ಬಿನಲ್ಲಿ ಗುಡ್ಡ

ಬೇಕಾಗುವ ವಸ್ತುಗಳು: ಅಗಲವಾದ ಪ್ಲಾಸ್ಟಿಕ್ ಟಬ್ಬು, ಚೆನ್ನಾಗಿ ನಾದಿದ ಜೇಡಿಮಣ್ಣು, ಅಳತೆ ಪಟ್ಟಿ, ತೆಂಗಿನ ಗರಿಯ ಕಡ್ಡಿ, ನೀರು, ಕಾಗದ, ಪೆನ್ಸಿಲ್.

ವಿಧಾನ: ಟಬ್ಬಿನಲ್ಲಿ ಸುಮಾರು 10 ಸೆಂಟಿಮೀಟರ್ ಎತ್ತರದ ಗುಡ್ಡ ಮಾಡಿ. ಒಂದು ಬದಿಯಲ್ಲಿ ನೆತ್ತಿಯಿಂದ ಬುಡದವರೆಗೆ ಬೆರಳಿನಿಂದ ಹಳ್ಳ ಕೊರೆಯಿರಿ. ಅರ್ಧ ದಿನ ನೆರಳಿನಲ್ಲಿ ಆರಲು ಬಿಡಿ. ಅಳತೆ ಪಟ್ಟಿಯನ್ನು ಟಬ್ಬಿನಲ್ಲಿ ನೆಟ್ಟಗೆ ನಿಲ್ಲಿಸಿ. 2 ಸೆಂಟಿಮೀಟರ್ ಎತ್ತರಕ್ಕೆ ನಿಧಾನವಾಗಿ ನೀರು ಹಾಕಿ. ನೀರಿನ ಅಂಚಿನ ಉದ್ದಕ್ಕೂ ಕಡ್ಡಿಯಿಂದ ಗೀರು ಎಳೆಯಿರಿ. ಹಾಗೆಯೇ 4, 6, 8 ಸೆಂಟಿಮೀಟರ್‌ಗೆ ನೀರು ಹಾಕುತ್ತಾ ಗೀರು ಎಳೆಯಿರಿ. ನಂತರ ನೀರನ್ನು ಮೆಲ್ಲಗೆ ಹೊರಗೆ ತೆಗೆಯಿರಿ. ನೇರವಾಗಿ ಮೇಲಿನಿಂದ ನೋಡಿ, ಕಂಡಂತೆ ಕಾಗದದ ಮೇಲೆ ಬರೆಯಿರಿ.

ಗಮನಿಸಿ: ಹಳ್ಳದ ಬಳಿ ಗೆರೆಗಳು ಯಾವ ಕಡೆಗೆ ಬಾಗಿವೆ? ಗುಡ್ಡದ ಯಾವ ಬದಿಯಲ್ಲಿ ಗೆರೆಗಳು ಒತ್ತಾಗಿವೆ? ಈಗ ನೆತ್ತಿಯ ಮೇಲೆ ಒಂದು ಲೋಟ ನೀರನ್ನು ಸಣ್ಣಗೆ ಸುರಿಯಿರಿ. ನೀವು ನಕ್ಷೆ ನೋಡಿ ಊಹಿಸಿದ ದಾರಿಯಲ್ಲಿಯೇ ನೀರು ಹರಿಯಿತೇ?

ನಮ್ಮ ದೇಶದ ನಕ್ಷೆಗಳು

ಭಾರತೀಯ ಸರ್ವೇಕ್ಷಣಾ ಇಲಾಖೆ 1767ರಲ್ಲಿ ಆರಂಭವಾಯಿತು. ಅದು ನಮ್ಮ ದೇಶದ ಸ್ಥಳಾಕೃತಿ ನಕ್ಷೆಗಳನ್ನು ಸಿದ್ಧಪಡಿಸುತ್ತದೆ. 1:50,000 ಪ್ರಮಾಣದ ನಕ್ಷೆಯಲ್ಲಿ 1 ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಇಲ್ಲಿಯೂ ಸಮೋನ್ನತಿ ರೇಖೆಗಳು ಕಂದು ಬಣ್ಣದವು, 'ವಿ' ನಿಯಮವೂ ಅದೇ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಅಚ್ಚಾದ ನಕ್ಷೆಗಳಲ್ಲಿ ನೀರಿರುವ ಹಳ್ಳಕ್ಕೆ ನೀಲಿ, ಒಣ ಹಳ್ಳಕ್ಕೆ ಕಪ್ಪು ಬಣ್ಣ. ನಿಮ್ಮ ಊರಿನ ಭಾಗದ ನಕ್ಷೆ ಸಿಕ್ಕಿದರೆ, ಶಿಕ್ಷಕರ ನೆರವಿನಿಂದ ನಿಮ್ಮೂರಿನ ಕೆರೆಗೆ ನೀರು ತರುವ ಹಳ್ಳವನ್ನು ಅದರಲ್ಲಿ ಹುಡುಕಿ. ಅದು ಎಲ್ಲಿ ಹುಟ್ಟುತ್ತದೆ ನೋಡಿ.

ಅಭ್ಯಾಸ

1. ಸಮೋನ್ನತಿ ರೇಖೆಗಳು ಒಂದನ್ನೊಂದು ಏಕೆ ದಾಟುವುದಿಲ್ಲ?

2. 'ವಿ' ಆಕಾರದ ಮೊನೆ ತಗ್ಗಿನ ಕಡೆಗೆ ಇದ್ದರೆ ಅಲ್ಲಿ ಏನಿದೆ?

3. 1:24,000 ಪ್ರಮಾಣದ ನಕ್ಷೆಯಲ್ಲಿ ಒಂದು ಹಳ್ಳದ ಉದ್ದ 5 ಸೆಂಟಿಮೀಟರ್. ಅಷ್ಟರಲ್ಲಿ ಅದು 40 ಅಡಿ (ಸುಮಾರು 12 ಮೀಟರ್) ಇಳಿಯುತ್ತದೆ. ನೆಲದ ಮೇಲೆ ಹಳ್ಳದ ಉದ್ದ ಎಷ್ಟು? ಎಷ್ಟು ಮೀಟರ್ ಹರಿದಾಗ 1 ಮೀಟರ್ ಇಳಿಯುತ್ತದೆ?

4. ಇನ್ನೊಂದು ಹಳ್ಳ ಅದೇ ನಕ್ಷೆಯಲ್ಲಿ 2.5 ಸೆಂಟಿಮೀಟರ್ ಉದ್ದಕ್ಕೆ 80 ಅಡಿ (ಸುಮಾರು 24 ಮೀಟರ್) ಇಳಿಯುತ್ತದೆ. ಮಳೆ ಬಂದಾಗ ಯಾವ ಹಳ್ಳ ಹೆಚ್ಚು ರಭಸವಾಗಿ ಹರಿಯಬಹುದು? ಏಕೆ?

5. ಕೊಂಜಾ ಕ್ಷೇತ್ರದ ಅತಿ ತಗ್ಗಿನ ಜಾಗದಿಂದ ಅತಿ ಎತ್ತರದ ಜಾಗಕ್ಕೆ ಏರಿದರೆ, 3 ಮೀಟರ್ ಅಂತರದ ಎಷ್ಟು ಸಮೋನ್ನತಿ ರೇಖೆಗಳನ್ನು ದಾಟುತ್ತೀರಿ?

6. ಚರ್ಚಿಸಿ: ಒಂದು ಹಳ್ಳ ನಾಲ್ವರ ಜಮೀನಿನಲ್ಲಿ ಹರಿಯುತ್ತದೆ. ಎಲ್ಲರಿಗೂ ಶುದ್ಧ ನೀರು ಸಿಗಬೇಕಾದರೆ ಅವರು ಯಾವ ನಿಯಮಗಳನ್ನು ಮಾಡಿಕೊಳ್ಳಬೇಕು?

ಉತ್ತರಗಳು: (2) ಗುಡ್ಡದಿಂದ ಚಾಚಿದ ಏಣು. (3) 1,200 ಮೀಟರ್. 100 ಮೀಟರ್ ಹರಿದಾಗ 1 ಮೀಟರ್. (4) ಎರಡನೆಯದು. ಅದು 600 ಮೀಟರ್‌ಗೆ 24 ಮೀಟರ್, ಅಂದರೆ 25 ಮೀಟರ್‌ಗೆ 1 ಮೀಟರ್ ಇಳಿಯುತ್ತದೆ. ಮೊದಲನೆಯದಕ್ಕಿಂತ ನಾಲ್ಕು ಪಟ್ಟು ಕಡಿದು. (5) ಸುಮಾರು 41.